ಮಲಕ್ಕಾದ ಚೀನಿ ಗುಡ್ಡ

ಕ್ವಾಲಾಲಂಪುರದಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆ ದಕ್ಷಿಣಕ್ಕೆ ಸಾಗಿದರೆ ಮಲಕ್ಕಾ. ಈ ಬಂದರು ಪಟ್ಟಣವನ್ನು 1511ರಲ್ಲಿ ಪೋರ್ಚುಗೀಸರು, 1641ರಲ್ಲಿ ಡಚ್ಚರು ಗೆದ್ದುಕೊಂಡರು. 1824ರ ಒಪ್ಪಂದದಿಂದ ಅದು ಬ್ರಿಟಿಷರ ಪಾಲಾಯಿತು. ಆಳುವವರು ಬದಲಾದರೂ, ವ್ಯಾಪಾರಕ್ಕೆಂದು ಬಂದು ನೆಲೆಸಿದ ಚೀನೀಯರು ಅಲ್ಲೇ ಉಳಿದರು. ಅವರ ಭಾಷೆ, ಕಟ್ಟುಕಟ್ಟಳೆ ಒಂದೂ ತಿಳಿಯದ ಪರದೇಶದ ಅಧಿಕಾರಿಗಳು ಅವರನ್ನು ಆಳಿದ್ದಾದರೂ ಹೇಗೆ?

ಅದಕ್ಕೆ ಕಂಡುಕೊಂಡ ಉಪಾಯವೇ ‘ಕಪಿತಾನ್’ ಪದವಿ. ಹೆಸರು ಪೋರ್ಚುಗೀಸರದು, ಪದವಿ ಸಿಗುತ್ತಿದ್ದುದು ಚೀನೀಯರಲ್ಲೇ ಹಣವೂ ವರ್ಚಸ್ಸೂ ಉಳ್ಳ ಒಬ್ಬನಿಗೆ. ಜಗಳಗಳನ್ನು ಬಗೆಹರಿಸುವುದು, ತನ್ನವರನ್ನು ಹತೋಟಿಯಲ್ಲಿಡುವುದು, ಸರ್ಕಾರದ ಆಜ್ಞೆಯನ್ನು ಜನರಿಗೂ ಜನರ ಅಹವಾಲನ್ನು ಸರ್ಕಾರಕ್ಕೂ ಮುಟ್ಟಿಸುವುದು ಆತನ ಹೊಣೆ. ಈ ಭಾಗದ ಹಲವು ವಸಾಹತುಗಳಲ್ಲಿ ಅಫೀಮು, ಜೂಜು, ಮದ್ಯದ ಗುತ್ತಿಗೆಗಳೂ ಇಂಥ ಮುಖಂಡರ ಕೈಸೇರುತ್ತಿದ್ದವು. ತನ್ನವರ ಚಟದಿಂದಲೇ ಬೊಕ್ಕಸ ತುಂಬಿಸಿ, ತಾನೂ ಸಿರಿವಂತನಾಗುವ ದಾರಿ ಅದು.

ಡಚ್ಚರ ಕೆಂಪು ಕಟ್ಟಡದ ಎದುರಿನ ಸೇತುವೆಯಿಂದ ನದಿ ದಾಟಿ ಹಳೆಯ ಓಣಿಗಳಿಗೆ ಬನ್ನಿ. ವಿನಾಯಕ ದೇವಾಲಯ, ಮಸೀದಿ, ಅವುಗಳಿಂದ ಕೂಗಳತೆಯಲ್ಲೇ ಛೆಂಗ್ ಹೂನ್ ಟೆಂಗ್ ಎಂಬ ಚೀನಿ ಗುಡಿ. 17ನೇ ಶತಮಾನದಲ್ಲಿ ಕಪಿತಾನರು ಕಟ್ಟಿಸಿದ ಈ ಗುಡಿಯಲ್ಲಿ ಕರುಣೆಯ ದೇವತೆ ಕ್ವಾನ್ ಯಿನ್‌ಗೆ ಪೂಜೆ. ಒಂದು ಕಾಲಕ್ಕೆ ಇದೇ ಅವರ ನ್ಯಾಯಸ್ಥಾನವೂ ಆಗಿತ್ತು.

ಊರಿನ ಇನ್ನೊಂದು ಬದಿಯಲ್ಲಿ ಬುಕಿಟ್ ಚೀನಾ, ಅಂದರೆ ಚೀನಿ ಗುಡ್ಡ. ಅದೇ 17ನೇ ಶತಮಾನದ ಕೊನೆಯ ಭಾಗದಲ್ಲಿ ಕಪಿತಾನ್ ಲಿ ವೀ ಕಿಂಗ್ ಇದನ್ನು ಡಚ್ಚರಿಂದ ಕೊಂಡು, ತನ್ನ ಜನರ ಮಣ್ಣಿಗೆಂದು ಗುಡಿಗೆ ದಾನ ಕೊಟ್ಟ. ಸುಮಾರು 12,000 ಗೋರಿಗಳಿರುವ ಇದು ಚೀನಾದ ಹೊರಗಿನ ಅತಿ ದೊಡ್ಡ ಚೀನಿ ಸ್ಮಶಾನಗಳಲ್ಲಿ ಒಂದು. ಬುಡದಲ್ಲಿರುವ ಪೋ ಸಾನ್ ಟೆಂಗ್ ಗುಡಿ 1795ರಲ್ಲಿ ಇನ್ನೊಬ್ಬ ಕಪಿತಾನ್ ಕಟ್ಟಿಸಿದ್ದು.

ಬ್ರಿಟಿಷರು 1820ರ ದಶಕದಲ್ಲಿ ಇಲ್ಲಿ ಕಪಿತಾನ್ ಪದವಿಯನ್ನೇ ತೆಗೆದುಹಾಕಿದರು. ಗುಡ್ಡ ಮಾತ್ರ ಗುಡಿಯ ಕೈಯಲ್ಲೇ ಉಳಿಯಿತು. 1984ರಲ್ಲಿ ರಾಜ್ಯ ಸರ್ಕಾರ ಅದನ್ನು ಸಮತಟ್ಟು ಮಾಡಿ ಮನೆ, ಮಳಿಗೆ ಕಟ್ಟುವ ಯೋಜನೆ ಮುಂದಿಟ್ಟಾಗ ಗುಡಿಯ ಧರ್ಮದರ್ಶಿಗಳು ಒಪ್ಪಲಿಲ್ಲ. ದೇಶದ ನಾನಾ ಕಡೆಯಿಂದ ವಿರೋಧ ಎದ್ದು, ಯೋಜನೆ ಕೈಬಿಟ್ಟುಹೋಯಿತು.

ಪರರ ಆಡಳಿತಕ್ಕೆ ಕೈಜೋಡಿಸಿದವರನ್ನು ಒಳ್ಳೆಯವರು, ಕೆಟ್ಟವರು ಎಂದು ಒಂದೇ ಮಾತಿನಲ್ಲಿ ವಿಂಗಡಿಸುವುದು ಸುಲಭ. ಈ ಗುಡ್ಡ ಹತ್ತಿದವರಿಗೆ ಅದು ಅಷ್ಟು ಸುಲಭವೆನಿಸದು. ಸರ್ಕಾರ ಕೊಟ್ಟ ಪದವಿಯನ್ನು ಸರ್ಕಾರವೇ ಕಿತ್ತುಕೊಂಡಿತು. ಕಪಿತಾನ್ ಜನರಿಗೆ ಕೊಟ್ಟ ನೆಲ ಜನರಲ್ಲೇ ಉಳಿದಿದೆ.