ಮುತ್ತಜ್ಜನ ಹೆಸರು

ತಂದೆಯ ಹೆಸರು ಯಾರಿಗೆ ತಾನೆ ಗೊತ್ತಿಲ್ಲ? ಅಜ್ಜನ ಹೆಸರೂ ಗೊತ್ತಿರುತ್ತದೆ. ಅಲ್ಲಿಂದ ಇನ್ನೊಂದು ಮೆಟ್ಟಿಲು ಮೇಲಕ್ಕೆ ಹತ್ತಿರೆಂದರೆ ಎಂತಹ ಗೃಹಸ್ಥರೂ ಒಮ್ಮೆ ಕೆಮ್ಮಿ, ಪಡಸಾಲೆಯಿಂದಲೇ ಅಡುಗೆಮನೆಯ ಕಡೆ ತಿರುಗಿ ಮುದಿ ತಾಯಿಯನ್ನು ಕೂಗುತ್ತಾರೆ. ಶ್ರಾದ್ಧ ಮಾಡುವ ಮನೆತನಗಳಿಗೆ ಈ ಫಜೀತಿ ಸ್ವಲ್ಪ ಕಡಿಮೆ. ಪಿಂಡವಿಡುವಾಗ ಮೂರು ತಲೆಗಳ ಹೆಸರನ್ನು ಹೇಳಲೇಬೇಕು. ನಾಲ್ಕನೆಯ ತಲೆಗೆ ಬಂದಾಗ ಅವರ ನಾಲಗೆಯೂ ನಿಲ್ಲುತ್ತದೆ.

ಆಳಂದದ ಕಡೆಯವರಾದ, ಕಲಬುರಗಿಯಲ್ಲಿ ಮನೆ ಕಟ್ಟಿಸಿಕೊಂಡು ನೆಮ್ಮದಿಯಾಗಿದ್ದ ಪಿಂಚಣಿದಾರರೊಬ್ಬರಿಗೆ ಈ ಸಂಕಟ ಒದಗಿದ್ದು ಇಂಗ್ಲೆಂಡಿನಲ್ಲಿದ್ದ ಮಗನಿಂದ. ಮಗನ ನೆರೆಮನೆಯ ಆಂಗ್ಲ ಮುದುಕರು ಒಂದು ದಿನ ಚಹಕ್ಕೆ ಕರೆದು, ಮೇಜಿನ ಮೇಲೆ ಚಾಪೆಯಗಲದ ಕಾಗದವೊಂದನ್ನು ಹಾಸಿ ತೋರಿಸಿದರಂತೆ. ಹದಿಮೂರು ತಲೆಮಾರು! ಮೇಲಿನ ತುದಿಯಲ್ಲಿ 1600ರ ಸುಮಾರಿನ ಒಬ್ಬ ಕಮ್ಮಾರ. ಕೆಳತುದಿಯಲ್ಲಿ ಮುದುಕರ ಮೊಮ್ಮಗಳು. "ನಮ್ಮದೂ ಹೀಗೊಂದು ಬರೆದು ಕಳಿಸಿರಿ, ಅಪ್ಪಾಜಿ" ಎಂದು ಮಗ ಕೇಳಿದ. ಅಪ್ಪಾಜಿ ಸಂತೋಷದಿಂದ ಒಪ್ಪಿಕೊಂಡು, ಹೊಸ ನೋಟುಬುಕ್ಕು ಕೊಂಡು, ತಮ್ಮ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು ಬರೆದರು. ಪುಟದ ಮುಕ್ಕಾಲು ಪಾಲು ಖಾಲಿ ಉಳಿಯಿತು.

ಆ ಆಂಗ್ಲ ಕಮ್ಮಾರನು ದೊಡ್ಡ ಮನುಷ್ಯನೇನೂ ಅಲ್ಲ. ಅವನ ಹೆಸರು ಉಳಿದಿರುವುದಕ್ಕೆ ಕಾರಣ ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ಥಾಮಸ್ ಕ್ರಾಮ್ವೆಲ್. ಪ್ರತಿಯೊಂದು ಊರಿನ ಪಾದ್ರಿಯೂ ತನ್ನ ಚರ್ಚಿನಲ್ಲಿ ನಡೆದ ನಾಮಕರಣ, ಮದುವೆ, ಮಣ್ಣು, ಈ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು ಅವನು 1538ರಲ್ಲಿ ಆಜ್ಞೆ ಮಾಡಿದ. ಇದು ಹೊಸ ತೆರಿಗೆಯ ಪೀಠಿಕೆಯೆಂದು ಜನ ಗೊಣಗಿದರು. ಪಾದ್ರಿಗಳು ಬಿಡಿ ಹಾಳೆಗಳಲ್ಲಿ ಗೀಚಿ ಕಳೆದುಕೊಂಡರು. 1598ರಲ್ಲಿ ಎಲ್ಲವನ್ನೂ ಚರ್ಮದ ಹಾಳೆಯ ಮೇಲೆ ನಕಲು ಮಾಡಬೇಕೆಂದೂ, ವರ್ಷಕ್ಕೊಮ್ಮೆ ಒಂದು ಪ್ರತಿಯನ್ನು ಬಿಷಪ್ಪನಿಗೆ ಕಳಿಸಬೇಕೆಂದೂ ಮತ್ತೆ ಕಟ್ಟಪ್ಪಣೆಯಾಯಿತು. 1837ರ ಜುಲೈಯಿಂದ ಸರಕಾರವೇ ಜನನ ಮರಣಗಳ ಲೆಕ್ಕ ಹಿಡಿಯಿತು. ಜನಗಣತಿ 1801ರಲ್ಲೇ ಆರಂಭವಾಗಿತ್ತಾದರೂ ಇಡೀ ದೇಶದ ಮನೆಮನೆಯವರ ಹೆಸರು ಉಳಿದಿರುವುದು 1841ರಿಂದ ಈಚೆಗೆ. ಆ ವರ್ಷ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. ಮೂವತ್ತನಾಲ್ಕರ ಗೃಹಿಣಿ ಸರಕಾರದ ಅನುಮತಿಯಿಂದಲೇ ಮೂವತ್ತಾದಳು! 1851ರಿಂದ ಹುಟ್ಟಿದ ಊರನ್ನೂ ಬರೆಯತೊಡಗಿದರು. ಅದನ್ನು ಹಿಡಿದು ಆ ಊರಿನ ಚರ್ಚಿಗೆ ಹೋದರೆ ನಾಮಕರಣದ ಪುಸ್ತಕ, ಅದರಿಂದ ತಂದೆಯ ಮದುವೆ, ಅಲ್ಲಿಂದ ಅಜ್ಜ. ಹೀಗೆ ಏಣಿ ಹತ್ತಿದಂತೆ ಹತ್ತಬಹುದು.

ಏಣಿಯಲ್ಲಿ ಮುರಿದ ಮೆಟ್ಟಿಲುಗಳಿಲ್ಲವೆಂದಲ್ಲ. ಹಳೆಯ ಪುಸ್ತಕಗಳಲ್ಲಿ ಎಷ್ಟೋ ಹೆಂಗಸರು "ಇಂಥವನ ಹೆಂಡತಿ" ಎಂಬಷ್ಟರಲ್ಲೇ ಮಣ್ಣಾಗಿದ್ದಾರೆ. 1931ರ ಗಣತಿಯ ಕಾಗದಗಳು 1942ರ ಒಂದು ಬೆಂಕಿಯಲ್ಲಿ ಬೂದಿಯಾದವು. 1941ರಲ್ಲಿ ಯುದ್ಧದ ದೆಸೆಯಿಂದ ಗಣತಿಯೇ ಆಗಲಿಲ್ಲ. ಆದರೂ ಒಂದು ಮಾತನ್ನು ಒಪ್ಪಬೇಕು. ಜಮೀನುದಾರನ ಮಗನ ಹೆಸರಿರುವ ಪುಟದಲ್ಲೇ ಅವನ ಕೂಲಿಯಾಳಿನ ಮಗನ ಹೆಸರೂ ಇದೆ. ತಿರುಪೆಯವನು ಸತ್ತರೆ ಹೆಸರಿನ ಮುಂದೆ "ದರಿದ್ರ" ಎಂದು ಬರೆದರು, ಬರೆಯದೆ ಬಿಡಲಿಲ್ಲ.

ಪಿಂಚಣಿದಾರರು ನಮ್ಮಲ್ಲೂ ಗಣತಿಯಾಗಿದೆಯಲ್ಲ ಎಂದು ಆಸೆಯಿಂದ ವಿಚಾರಿಸಿದರು. ಆಗಿದೆ. ಆಳಂದ, ಅಫಜಲಪುರ, ಜೇವರ್ಗಿಗಳು ಆಗ ನಿಜಾಮರ ರಾಜ್ಯದಲ್ಲಿದ್ದವು. ಆ ರಾಜ್ಯದ ಮೊದಲ ಜನಗಣತಿ 1881ರಲ್ಲಿ ನಡೆದು, ಸುಮಾರು 98 ಲಕ್ಷ ಜನರಿದ್ದಾರೆಂದು ತಿಳಿಯಿತು. ಅವರಲ್ಲಿ ಅವರ ಮುತ್ತಜ್ಜನೂ ಒಬ್ಬ. ಆದರೆ ಗಣತಿಗೆ ಬೇಕಾಗಿದ್ದದ್ದು ಅಂಕಿ. ಅಂಕಿಯನ್ನು ಹಿಂಡಿ ತೆಗೆದಮೇಲೆ ಹೆಸರಿದ್ದ ಚೀಟಿಗಳು ಕಬ್ಬಿನ ಸಿಪ್ಪೆಯಂತೆ ಹೊರಗೆ ಬಿದ್ದವು. ಮುತ್ತಜ್ಜನನ್ನು ಎಣಿಸಿದರು, ಹೆಸರಿಡಿದು ಉಳಿಸಿಕೊಳ್ಳಲಿಲ್ಲ.

ಇನ್ನುಳಿದದ್ದು ಭೂಮಿಯ ಕಾಗದ. ಎರಡೆಕರೆಯಾದರೂ ಹೊಲವಿದ್ದ ಮನೆಗೆ ಇಲ್ಲೊಂದು ದಾರಿಯುಂಟು. 1954–55ರ ಸುಮಾರಿನ ಖಾಸ್ರಾ ಪಹಣಿ, ಅದಕ್ಕೂ ಹಿಂದಿನ ನಿಜಾಮಶಾಹಿಯ ದಫ್ತರಗಳು ದಾವೆಗಳಲ್ಲಿ ಇಂದಿಗೂ ಮೇಲೆದ್ದು ಬರುತ್ತವೆ. ಆದರೆ ಆ ದಫ್ತರಗಳು ಉರ್ದುವಿನಲ್ಲಿವೆ. ಅದೂ ಗುಮಾಸ್ತನು ಬಿರುಸಿನಿಂದ, ಚುಕ್ಕೆಗಳನ್ನು ನುಂಗಿ ಬರೆದ ಶಿಕಸ್ತ ಬರಹದಲ್ಲಿ. ಅದನ್ನು ಸರಾಗವಾಗಿ ಓದಬಲ್ಲವರು ತಾಲ್ಲೂಕಿಗೆ ಕೆಲವರು ಸಿಕ್ಕರೆ ಪುಣ್ಯ. ಓದಿದರೂ ತೊಡಕು ತಪ್ಪುವುದಿಲ್ಲ. ಉರ್ದುವಿನಲ್ಲಿ ಳಕಾರವಿಲ್ಲ, ಣಕಾರವಿಲ್ಲ. ಒತ್ತಕ್ಷರವನ್ನು ಬರೆಯುವ ರೂಢಿಯೂ ಕಡಿಮೆ. ಆಳಂದವೇ ಅಲ್ಲಿ ಆಲಂದವಾಗುತ್ತದೆ. ಮಾಳಪ್ಪನು ಮಾಲಪನಾಗುತ್ತಾನೆ, ಮಲ್ಲಪ್ಪನು ಮಲಪನಾಗುತ್ತಾನೆ. ಒಂದು ದೀರ್ಘ ಮಾಸಿತೆಂದರೆ ಇಬ್ಬರೂ ಒಬ್ಬನೇ. ಅಣ್ಣತಮ್ಮಂದಿರ ಎಷ್ಟು ವ್ಯಾಜ್ಯಗಳು ಈ ಒಂದು ಗೀಟಿನ ಮೇಲೆ ನಿಂತಿರಬಹುದೋ!

ತಾರೀಖಿನ ಗೊಂದಲ ಬೇರೆ. ನಿಜಾಮರ ಕಚೇರಿಯಲ್ಲಿ ನಡೆಯುತ್ತಿದ್ದದ್ದು ಫಸಲಿ ವರ್ಷ. ಆಜುರ್, ದೈ, ಬಹಮನ್ ಎಂಬ ಇರಾಣದ ತಿಂಗಳುಗಳು. ಫಸಲಿಗೆ 590 ಕೂಡಿಸಿದರೆ ಸರಿಸುಮಾರಾಗಿ ಕ್ರಿಸ್ತಶಕ ಸಿಗುತ್ತದೆ. ಮುತ್ತಜ್ಜನು 1310ರಲ್ಲಿ ಹೊಲ ಕೊಂಡನೆಂಬುದನ್ನು ಓದಿ, ಅವನು ಬಹಮನಿ ಸುಲ್ತಾನರಿಗಿಂತ ಹಿಂದಿನವನೆಂದು ಹಿಗ್ಗಿದವರೂ ಇದ್ದಾರು. ಅದು 1900ರ ಮಾತು.

ಕಾಗದ ಬಿಟ್ಟು ಹೆಸರುಗಳ ಬೆನ್ನು ಹತ್ತಿದರೆ ಕೆಲಸ ಸುಲಭವೇ? ಈ ಮೂರು ತಾಲ್ಲೂಕುಗಳ ಹೆಸರುಗಳಲ್ಲಿ ಒಂದು ಸೊಗಸಿದೆ. ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ; ದಾಸೋಹ ನಡೆಸಿದ್ದು ಕಲಬುರಗಿಯಲ್ಲಿ; ಲಿಂಗೈಕ್ಯರಾದದ್ದು 1822ರಲ್ಲಿ. ಅಂದಿನಿಂದ ಆ ನಾಡಿನಲ್ಲಿ ಶರಣಪ್ಪನಿಲ್ಲದ ಓಣಿ ಅಪರೂಪ, ಶರಣಮ್ಮನಿಲ್ಲದ ಬಾವಿಕಟ್ಟೆಯೂ ಅಪರೂಪ. ಅಫಜಲಪುರದ ಕಡೆ ಘತ್ತರಗಿಯ ಭಾಗ್ಯವಂತಿಯ ಪ್ರಭಾವದಿಂದ ಭಾಗಮ್ಮ, ಭಾಗಪ್ಪಂದಿರು. ಗಾಣಗಾಪುರದ ಕೃಪೆಯಿಂದ ದತ್ತಪ್ಪಂದಿರು. ಆಳಂದದಲ್ಲಿ ಲಾಡ್ಲೆ ಮಶಾಖರ ದರ್ಗಾದ ಹರಕೆಯಿಂದ ಮಶಾಕ ಎಂಬ ಹೆಸರು ಹೊತ್ತವರು. ಮಗುವಿನ ಹೆಸರನ್ನು ಕೇಳಿಯೇ ತೊಟ್ಟಿಲು ಭೀಮೆಯ ಯಾವ ದಡದಲ್ಲಿ ತೂಗಿತೆಂದು ಊಹಿಸಬಹುದು. ಇಂಗ್ಲೆಂಡಿನ ಪಾದ್ರಿಯ ಪುಸ್ತಕವೂ ಇಷ್ಟು ಬೇಗ ಊರು ಹೇಳಲಾರದು.

ತೊಂದರೆಯೆಂದರೆ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ. ಗುರಪ್ಪನ ಮಗ ಶರಣಪ್ಪ; ಶರಣಪ್ಪನ ಮಗ ಗುರಪ್ಪ; ಅವನ ಮಗ ಮತ್ತೆ ಶರಣಪ್ಪ. ಮೂವರು ಅಣ್ಣತಮ್ಮಂದಿರಿದ್ದರೆ ಮೂವರ ಮನೆಯಲ್ಲೂ ಒಬ್ಬೊಬ್ಬ ಗುರಪ್ಪ. ಪ್ರೀತಿಗೆ ಇದು ಅನುಕೂಲ. ಸತ್ತ ಅಜ್ಜ ಅಂಗಳದಲ್ಲಿ ಅಂಬೆಗಾಲಿಡುತ್ತಾನೆ. ದಫ್ತರಕ್ಕೆ ಮಾತ್ರ ಇದಕ್ಕಿಂತ ದೊಡ್ಡ ಶತ್ರುವಿಲ್ಲ.

ಈ ಸಿಕ್ಕನ್ನು ಬಿಡಿಸಲು ನಾಡು ತನ್ನದೇ ಆದ ಒಂದು ಉಪಾಯವನ್ನು ಕಂಡುಕೊಂಡಿತ್ತು. ಅವನೇ ಹೆಳವ. ಹೆಳವನೆಂದರೆ ಕುಂಟ. ಅವನು ನಿಜವಾಗಿ ಕುಂಟನಲ್ಲ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿಕೊಂಡು ಊರೊಳಕ್ಕೆ ಬರುವುದು ಅವನ ಕುಲದ ಸಂಪ್ರದಾಯ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳನ್ನು ಕುರಿತ ಏಳು ಸಂಪುಟಗಳಲ್ಲಿ ಬಳ್ಳಾರಿ ಸೀಮೆಯ ಹೆಳವರನ್ನು ಹೀಗೆಯೇ ವರ್ಣಿಸಿದ್ದಾನೆ. ಸುಗ್ಗಿ ಮುಗಿದು ಕಣದಲ್ಲಿ ಜೋಳದ ರಾಶಿ ಬಿದ್ದಾಗ ಗಂಟೆಯ ಸದ್ದು ಕೇಳಿಸುತ್ತಿತ್ತು. ಬಾಗಿಲಲ್ಲಿ ನಿಂತು ಆ ಮನೆಯ ಮೂಲಪುರುಷನಿಂದ ಹಿಡಿದು, ಯಾವ ಊರಿಂದ ಬಂದರು, ಯಾಕೆ ಬಿಟ್ಟು ಬಂದರು, ಬೆಡಗು ಯಾವುದು, ಎಷ್ಟು ಕವಲಾದರು, ಯಾವ ಗುರಪ್ಪ ಯಾವ ಶರಣಪ್ಪನ ಮಗ ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುವನು. ಹಿಂದಿನ ಭೇಟಿಯ ಬಳಿಕ ಹುಟ್ಟಿದವರನ್ನು ಸೇರಿಸಿಕೊಳ್ಳುವನು. ಜೋಳ, ಬಟ್ಟೆ, ಅನುಕೂಲವಂತರಾದರೆ ಒಂದು ಕರು ಕೂಡ ಅವನ ಪಾಲಿಗೆ. ಒಂದೊಂದು ಹೆಳವ ಮನೆತನಕ್ಕೆ ಇಂತಿಷ್ಟು ಊರು, ಇಂತಿಷ್ಟು ಮನೆ ಎಂದು ಹಂಚಿಕೆಯಿತ್ತು. ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಹಿರಿಯರ ಬಾಯಲ್ಲಿದ್ದದ್ದು ಬರಬರುತ್ತ ಪುಸ್ತಕಕ್ಕಿಳಿಯಿತು. ಮಕ್ಕಳು ಶಾಲೆ, ನೌಕರಿ ಎಂದು ಹೋದಮೇಲೆ ತಿರುಗುವವರು ಕಡಿಮೆಯಾಗಿದ್ದಾರೆ. ತಿರುಗುವವರಲ್ಲಿ ಎತ್ತನ್ನು ಬಿಟ್ಟು ಮೋಟಾರು ಸೈಕಲ್ಲು ಹತ್ತಿದವರಿದ್ದಾರೆ.

ಪಿಂಚಣಿದಾರರ ಮನೆಯ ಹೆಳವ ಸಿಕ್ಕಿದ. ನೋಟುಬುಕ್ಕಿನಲ್ಲಿ ಒಂಬತ್ತು ತಲೆಮಾರು ತುಂಬಿತು. ಒಂಬತ್ತೂ ಗಂಡಸರು. "ಹೆಣ್ಣಮಕ್ಕಳ ಹೆಸರು?" ಎಂದು ಅವರು ಕೇಳಿದಾಗ, "ಅವರು ಬ್ಯಾರೆ ಮನಿಗೆ ಹೋಗವರಲ್ರೀ, ಯಜಮಾನ್ರ" ಎಂದನಂತೆ. ಬಂದವರ ಮಾತು? ಅವರು ಬೇರೆ ಮನೆಯಿಂದ ಬಂದವರು! ಹೀಗೆ ಹೆಂಗಸಿಗೆ ಎರಡು ಮನೆಯಿದ್ದೂ ಎರಡರ ವಂಶಾವಳಿಯಲ್ಲೂ ಜಾಗವಿಲ್ಲ. ಸರಕಾರದ ಮೊದಲ ಮತದಾರರ ಪಟ್ಟಿಯೂ ಇಂತಹ ಗೋಡೆಗೆ ತಲೆಕುಟ್ಟಿಕೊಂಡಿತು. ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳಲೊಲ್ಲದ ಸುಮಾರು 28 ಲಕ್ಷ ಹೆಂಗಸರನ್ನು 1951–52ರ ಚುನಾವಣೆಯ ಪಟ್ಟಿಯಿಂದ ಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು.

ಬಳಿಯಲ್ಲೇ ಬಾಳಿದ ಒಬ್ಬ ಆಂಗ್ಲನ ಮನೆತನ ಇದಕ್ಕೆ ವಿರುದ್ಧವಾದ ಉದಾಹರಣೆ. ಜೇವರ್ಗಿಯ ನೆರೆಯ ಸುರಪುರ ಸಂಸ್ಥಾನದ ಆಡಳಿತವನ್ನು 1841ರಿಂದ 1853ರವರೆಗೆ ನೋಡಿಕೊಂಡ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಅವನ ಹೆಂಡತಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನ ಮಗಳು. ಆ ಪಾಮರ್‌ನ ತಾಯಿ ಫೈಜ್ ಬಕ್ಷ್ ಎಂಬ ಮುಸಲ್ಮಾನ ಹೆಂಗಸು. ಈ ವಂಶದವರು ಲಿವರ್‌ಪೂಲಿನಿಂದ ಹೊರಟು ಹೆಣ್ಣಿನ ಕಡೆಯ ಕೊಂಬೆ ಹಿಡಿದರೆ ಬಂದು ನಿಲ್ಲುವುದು ಬೇಗಮರ ಅಂತಃಪುರದ ಬಾಗಿಲಲ್ಲಿ. ಗಂಡಸರನ್ನಷ್ಟೇ ಎಣಿಸಿದ್ದರೆ ಆ ಬಾಗಿಲು ಕಾಣಿಸುತ್ತಲೇ ಇರಲಿಲ್ಲ. ಸುರಪುರದ ಎಳೆಯ ಅರಸ ವೆಂಕಟಪ್ಪ ನಾಯಕ ಟೇಲರನನ್ನು "ಅಪ್ಪಾ" ಎಂದು ಕರೆಯುತ್ತಿದ್ದ; ಆ ಮಗನನ್ನು ಬರೆದುಕೊಳ್ಳುವ ಪುಸ್ತಕ ಯಾವ ಚರ್ಚಿನಲ್ಲೂ ಇಲ್ಲ.

ಪಿಂಚಣಿದಾರರಿಗೆ ಇದೆಲ್ಲ ಬಿಡುವಿನ ವೇಳೆಯ ವಿನೋದ. ಅದೇ ಹುಡುಕಾಟ ಅನ್ನದ ಪ್ರಶ್ನೆಯಾಗುವ ಮನೆಗಳೂ ಇವೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371 ಜೆ ವಿಧಿ ಬಂದು, 2013ರಿಂದ ಈ ಭಾಗದವರಿಗೆ ನೌಕರಿಯಲ್ಲೂ ಕಾಲೇಜು ಸೀಟುಗಳಲ್ಲೂ ಮೀಸಲಾತಿ ದೊರೆತಿದೆ. ಒಳ್ಳೆಯದು. ಆದರೆ ಈ ಭಾಗದವರೆಂಬುದಕ್ಕೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ಕಾಗದ ಬೇಕು. ಹೊಲವಿದ್ದವನು ಪಹಣಿ ತರುತ್ತಾನೆ. ಹೊಲವಿಲ್ಲದವನು? ಜೇವರ್ಗಿ, ಅಫಜಲಪುರಗಳ ಎಷ್ಟೋ ಕುಟುಂಬಗಳು ಮಳೆ ಕೈಕೊಟ್ಟಾಗ ಬೀಗ ಹಾಕಿಕೊಂಡು ಪುಣೆ, ಮುಂಬಯಿಗಳಿಗೆ ಗಾರೆ ಕೆಲಸಕ್ಕೆ ಹೋಗುತ್ತವೆ. ಅಲ್ಲಿ ಕಟ್ಟುತ್ತಿರುವ ಮನೆಯ ಪಕ್ಕದ ತಗಡಿನ ಗುಡಿಸಲಲ್ಲಿ ಕೂಸು ಹುಟ್ಟುತ್ತದೆ. ಆ ಕೂಸು ಬೆಳೆದು, ಕಲಿತು, ಅರ್ಜಿ ಹಿಡಿದು ಬಂದಾಗ ತಾನು ಯಾವ ನಾಡಿನವಳೆಂಬುದಕ್ಕೆ ತಂದೆತಾಯಿಗಳೇ ಸಾಕ್ಷಿ. ತಂದೆ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಜೋಳ ಅಳೆದುಕೊಡಲಾರದ ಮನೆಗೆ ಹೆಳವನೂ ಬಂದಿರಲಿಲ್ಲ. ಮಾದಿಗರ ಕೇರಿಗೆ ದಕ್ಕಲಿಗರು ಬಂದು ಜಾಂಬವನ ಕಥೆ ಹೇಳಿ ಕುಲದ ಮೂಲವನ್ನು ಆದಿಕಾಲದವರೆಗೆ ಒಯ್ಯುತ್ತಿದ್ದರು. ತಹಸೀಲ ಕಚೇರಿ ಅಷ್ಟು ದೂರದ್ದನ್ನು ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಅಪ್ಪ ಹುಟ್ಟಿದ ಊರು ಮತ್ತು ತಾರೀಖು.

ಅಂತಹ ಮನೆಯಲ್ಲಿ ದಫ್ತರವೆಂದರೆ ಅಜ್ಜಿಯೊಬ್ಬಳೇ. ಅವಳ ಲೆಕ್ಕಕ್ಕೆ ಫಸಲಿಯೂ ಇಲ್ಲ, ಇಸವಿಯೂ ಇಲ್ಲ.

"ಪೊಲೀಸ್ ಆ್ಯಕ್ಷನ್ ಆದಾಗ ನಾ ಇನ್ನಾ ಕೈಗೂಸು ಅಂತ ನಮ್ಮವ್ವ ಹೇಳ್ತಿದ್ಳು. ದೊಡ್ಡ ಬರ ಬಿತ್ತು ನೋಡು, ಹುಲ್ಲಿಗೆ ದನಾ ಮಾರಿದ್ವಿ, ಆ ವರ್ಷ ನಿಮ್ಮಪ್ಪ ಹುಟ್ಟ್ಯಾನ. ಇದೇ ಊರಾಗ, ಇದೇ ಮನಿಯಾಗ."

ಮೊದಲನೆಯದು 1948ರ ಸೆಪ್ಟೆಂಬರ್. ಎರಡನೆಯದು 1972ರ ಬರಗಾಲ. ಯಾವ ಇತಿಹಾಸಕಾರನೂ ಕೊಂಕು ತೆಗೆಯಲಾರದ ಸಾಕ್ಷ್ಯ. ಗುಮಾಸ್ತರು ಕೆಟ್ಟವರಲ್ಲ, ಕೇಳಿದರು, ತಲೆದೂಗಿದರು, ಆದರೆ ಅರ್ಜಿಯಲ್ಲಿ ಬರಗಾಲವನ್ನು ಬರೆಯುವ ಮನೆ ಇರಲಿಲ್ಲ. ಪಡಿತರ ಚೀಟಿ, ಮತದಾರರ ಪಟ್ಟಿ, ಚಿಕ್ಕಪ್ಪನ ಶಾಲೆಯ ದಾಖಲೆ, ಹೀಗೆ ಒಂದಕ್ಕೊಂದು ತೇಪೆ ಹಾಕಬೇಕಾಯಿತು. ಚಿಕ್ಕಪ್ಪನ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ಅದೇ ಪುಟದಲ್ಲಿ ಅವನೊಡನೆ ಒಂದನೆಯ ಇಯತ್ತೆಗೆ ಸೇರಿದ ಹುಡುಗರಲ್ಲಿ ಮುಕ್ಕಾಲು ಪಾಲು ಅದೇ ದಿನ ಹುಟ್ಟಿದವರು. ಹೆಡ್‌ಮಾಸ್ತರರ ಅಕ್ಷರ ಮಾತ್ರ ಮುತ್ತಿನಂತಿತ್ತು. ಅಜ್ಜಿಯ ಹೆಸರನ್ನು ಬರೆಯುವ ಜಾಗದಲ್ಲಿ ಹುಡುಗಿ ಪೆನ್ನು ಹಿಡಿದು ತಡೆದಳು. ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು "ಅರಳಗುಂಡಗಿ ಆಯಿ" ಎಂದು. ಅವಳು ಕಚೇರಿಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯ ಹತ್ತಿರ ಹೋಗಿ, ಬಗ್ಗಿ, ಹುಟ್ಟಿದಾಗಿನಿಂದ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು.

"ಶರಣಮ್ಮ" ಎಂದಳು ಮುದುಕಿ, ಸೆರಗಿನಿಂದ ಬಾಯಿ ಮುಚ್ಚಿ ನಗುತ್ತ.