ಸೀಟ್ ಬೆಲ್ಟಿನ ಕೊನೆಯ ಗೇಣು

ಡೊಂಬಿವಲಿ ಪೂರ್ವದ ಆ ಕುಂದಾಪುರ ಮೂಲದ ದಂಪತಿಗೆ ಕಾರು ಬೇಕಾದದ್ದು ಷೋಕಿಗಲ್ಲ. ತಾಯಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಳೆಗಾಲದಲ್ಲಿ ಆಸ್ಪತ್ರೆಯಿಂದ ಸುಸ್ತಾಗಿ ಹೊರಬಂದ ಮುದುಕಿಯನ್ನು ನಿಲ್ಲಿಸಿಕೊಂಡು ರಿಕ್ಷಾಕ್ಕೆ ಕೈ ಅಡ್ಡ ಹಿಡಿಯುವುದು ಮಗನಿಗೆ ಸಾಕಾಗಿತ್ತು. ಹೊಸ ಕಾರಿಗೆ ಹಣವಿಲ್ಲ. ಮೊಬೈಲಿನಲ್ಲಿ ಹುಡುಕಿದರು. ನವಿ ಮುಂಬಯಿಯ ಯಾರ್ಡೊಂದರಲ್ಲಿ 2017ರ ಮಾಡೆಲ್, ಒಬ್ಬನೇ ಮಾಲೀಕ, ತಪಾಸಣಾ ವರದಿಯ ತುಂಬ ಹಸಿರು ಟಿಕ್ಕುಗಳು. ಬೆಲೆ 3,85,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ಎಂಎಚ್ 05, ಅಂದರೆ ಕಲ್ಯಾಣದ ಗಾಡಿ. ‘ನಮ್ಮ ಕಡೆಯದ್ದೇ’ ಎಂದು ಅವರಿಗೆ ಸಮಾಧಾನವಾಯಿತು.

ಎರಡು ತಿಂಗಳು ಕಾರು ಚೆನ್ನಾಗಿಯೇ ಓಡಿತು. ಮೊದಲ ಮಳೆ ಬಿದ್ದ ವಾರ ಏರ್‌ಬ್ಯಾಗಿನ ದೀಪ ಹೊತ್ತಿಕೊಂಡಿತು. ಆಮೇಲೆ ಕಿಟಕಿಯ ಗಾಜು ತಾನಾಗಿ ಕೆಳಗಿಳಿಯತೊಡಗಿತು. ಒಳಗೆ ಒದ್ದೆ ಗೋಣಿಚೀಲದ ವಾಸನೆ.

ಕಲ್ಯಾಣದ ಮೆಕ್ಯಾನಿಕ್ ಬಾನೆಟ್ ಎತ್ತಲೇ ಇಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ತೋರಿಸಿದ. ಸಾಮಾನ್ಯವಾಗಿ ಯಾರೂ ಎಳೆಯದ ಆ ಕೊನೆಯ ಗೇಣಿನಲ್ಲಿ ಕೆಸರಿನ ಬಣ್ಣದ ಗೆರೆ ಇತ್ತು. ಸೀಟಿನ ಕೆಳಗಿನ ಹಳಿಗೆ ತುಕ್ಕು, ಕಾರ್ಪೆಟ್ಟಿನಡಿಯ ವೈರಿನ ಸಂದುಗಳಲ್ಲಿ ಹಸಿರು ಕಿಲುಬು. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಚಾಸಿಸ್ ನಂಬರ್ ಕೊಟ್ಟಾಗ ಹಳೆಯ ದಾಖಲೆ ಹೊರಬಂತು: 2019ರ ಆಗಸ್ಟಿನಲ್ಲಿ ನೀರು ನುಗ್ಗಿದ ಕಾರಿನ ದುರಸ್ತಿ.

ಆ ವರ್ಷದ ಜುಲೈ 27 ಈ ಕಡೆಯವರಿಗೆ ನೆನಪಿದೆ. ಉಲ್ಹಾಸ್ ನದಿ ಉಕ್ಕಿ, ಬದ್ಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಕರೆತಂದಿದ್ದರು. ಪ್ರವಾಹ ಬಂದಾಗ ಜನರನ್ನು ಎಣಿಸುತ್ತಾರೆ. ಮುಳುಗಿದ ಕಾರುಗಳು ತೊಳೆದು, ಒಣಗಿಸಿ, ಸೆಂಟು ಹೊಡೆಸಿಕೊಂಡು ಸದ್ದಿಲ್ಲದೆ ಪೇಟೆಗೆ ಮರಳುತ್ತವೆ. ದುರಸ್ತಿಯ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ. 75 ದಾಟಿದರೆ ವಿಮಾ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತದೆ. ಅದಕ್ಕಿಂತ ತುಸು ಕಡಿಮೆಯಾದ ಗಾಡಿ ರಿಪೇರಿಯಾಗಿ ರಸ್ತೆಗಿಳಿಯುತ್ತದೆ.

ಮಾರಿದ ಕಂಪನಿಯವರ ಉತ್ತರ ಸಿದ್ಧವಾಗಿತ್ತು. ವಾಪಸಾತಿಯ ಅವಧಿ ಮುಗಿದಿದೆ, ವರದಿ ಕಣ್ಣಿಗೆ ಕಂಡ ಭಾಗಗಳದ್ದು ಮಾತ್ರ, ಅವರು ಬರೀ ಮಧ್ಯವರ್ತಿಗಳು. ಹಳೆಯ ಮಾಲೀಕ ಫೋನಿನಲ್ಲಿ, ‘ನನ್ನನ್ನು ಯಾರೂ ಕೇಳಲಿಲ್ಲ’ ಎಂದ.

ಆ ಮಾತಿನಲ್ಲಿ ಕಾನೂನಿನ ಒಂದು ಹಳೆಯ ಗಂಟೂ ಇದೆ. 1872ರ ಕರಾರು ಕಾಯ್ದೆಯ ಪ್ರಕಾರ, ಗೊತ್ತಿರುವ ಸಂಗತಿಯನ್ನು ಬೇಕೆಂದೇ ಮುಚ್ಚಿಹಾಕುವುದು ವಂಚನೆ. ಆದರೆ ಸುಮ್ಮನಿರುವುದು, ಹೇಳಲೇಬೇಕಾದ ಕರ್ತವ್ಯವಿಲ್ಲದಿದ್ದರೆ, ವಂಚನೆಯಲ್ಲ. ಇನ್ನು 1930ರ ಸರಕು ಮಾರಾಟ ಕಾಯ್ದೆ, ಕೊಳ್ಳುವವನು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷದ ಹೊಣೆಯನ್ನು ಅವನ ಮೇಲೇ ಬಿಡುತ್ತದೆ. ಹಾಗಾದರೆ ಸೀಟ್ ಬೆಲ್ಟಿನ ಕೊನೆಯ ಗೇಣನ್ನು ಎಳೆದು ನೋಡಬೇಕಾದವರು ಯಾರು, ಮೊದಲ ಸಲ ಕಾರು ಕೊಳ್ಳುವವನೋ, ತಪಾಸಣೆಯ ಹೆಸರಿನಲ್ಲೇ ವ್ಯಾಪಾರ ಮಾಡುವವನೋ?

ಗ್ರಾಹಕ ಆಯೋಗದ ದಾರಿ ತೆರೆದೇ ಇತ್ತು. 2019ರ ಕಾಯ್ದೆಯಂತೆ ದೂರುದಾರ ತಾನಿರುವ ಜಿಲ್ಲೆಯಲ್ಲೇ, ಅಂದರೆ ಥಾಣೆಯಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಇಲ್ಲದ್ದು ಸಮಯ. ತಾರೀಖಿಗೆ ಥಾಣೆಗೆ ಹೋದ ದಿನ ತಾಯಿಯನ್ನು ಆಸ್ಪತ್ರೆಗೆ ಒಯ್ಯುವವರಾರು? ವಕೀಲರ ನೋಟಿಸ್ ಹೋದ ಮೇಲೆ ಕಂಪನಿ 60,000 ರೂಪಾಯಿ ಕೊಡಲು ಒಪ್ಪಿತು, ಇನ್ನು ತಕರಾರಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದರೆ. ಅವರು ಸಹಿ ಹಾಕಿದರು.

ನಿಜವಾದ ಜಗಳ ಶುರುವಾದದ್ದು ಆಮೇಲೆ, ಮನೆಯೊಳಗೆ. ಕಾರನ್ನು ಮಾರಲೇಬೇಕು. ದೀಪ ಆರಿಸಿ, ಬೆಲ್ಟ್ ಬದಲಿಸಿ, ಕಾರ್ಪೆಟ್ ಹೊಸದು ಹಾಕಿದರೆ ಮೂರು ಲಕ್ಷಕ್ಕೆ ಮೋಸವಿಲ್ಲ ಎಂದ ಪರಿಚಯದ ದಲಾಲ. ‘ಮೋಸವಿಲ್ಲ’ ಎಂಬ ಪದವನ್ನೇ ಬಳಸಿದ. ಗಂಡ ತಲೆಯಾಡಿಸಿದರು. ಕಳಕೊಂಡದ್ದು ಅವರ ಹಣವಲ್ಲವೇ?

ಹೆಂಡತಿ ಸ್ಕೂಟರಿನ ಸುದ್ದಿ ಎತ್ತಿದರು. ಕೆಲವು ವರ್ಷಗಳ ಹಿಂದೆ ಹೊಗೆಯುಗುಳುತ್ತಿದ್ದ ತಮ್ಮ ಸ್ಕೂಟರಿಗೆ ದಪ್ಪ ಆಯಿಲ್ ಸುರಿದು ಕಲ್ಯಾಣದ ಹುಡುಗನೊಬ್ಬನಿಗೆ ಮಾರಿದ್ದರು. ಅವನು ಒಂದು ಸುತ್ತು ಓಡಿಸಿ, ಖುಷಿಯಿಂದ ಹಣ ಎಣಿಸಿ ಕೊಟ್ಟಿದ್ದ. ಮರುವಾರ ನಾಲ್ಕು ಸಲ ಫೋನ್ ಬಂದಾಗ ಇವರು ಎತ್ತಿರಲಿಲ್ಲ. ಹಳೆಯ ಮಾಲೀಕನ ಮಾತನ್ನೇ ಅಂದು ಇವರೂ ಹೇಳಿಕೊಂಡಿದ್ದರು: ಅವನು ಕೇಳಲಿಲ್ಲ.

ಆ ರಾತ್ರಿ ಊಟದಲ್ಲಿ ಮಾತಿರಲಿಲ್ಲ. ತಾಯಿ ಮಾತ್ರ, ಏನೂ ಗೊತ್ತಿಲ್ಲದೆ, ಈ ಕಾರಿನ ಸೀಟು ಬೆನ್ನಿಗೆ ಹಿತ ಎಂದರು.

ಮರುದಿನ ಅವರು ಜಾಹೀರಾತು ಬರೆದರು. ಮೊದಲ ಸಾಲಿನಲ್ಲೇ, 2019ರಲ್ಲಿ ನೀರಿನಲ್ಲಿ ನಿಂತ ಕಾರು, ಏರ್‌ಬ್ಯಾಗ್ ನಂಬುವಂತಿಲ್ಲ ಎಂದು ಹಾಕಿದರು. ಮೆಕ್ಯಾನಿಕ್ ತೆಗೆದ ಫೋಟೋಗಳನ್ನೂ ಸೇರಿಸಿದರು. ಬೆಲೆ 1,90,000. ಮೂರು ದಿನ ಒಂದು ಕರೆಯೂ ಬರಲಿಲ್ಲ. ದಲಾಲ ನಕ್ಕ. ನಾಲ್ಕನೆಯ ದಿನ ಅಂಬರನಾಥದಿಂದ ಗ್ಯಾರೇಜಿನವನೊಬ್ಬ ಫೋನ್ ಮಾಡಿ, ಬೆಲೆಯ ಮಾತೆತ್ತದೆ, ನೀರು ಎಷ್ಟು ಎತ್ತರ ಬಂದಿತ್ತು ಎಂದು ಕೇಳಿದ.

‘ಐದು ನಿಮಿಷ ಬಿಟ್ಟು ಮಾಡಿ’ ಎಂದು ಅವರು ಅಳತೆಯ ಟೇಪು ಹುಡುಕಿ ಕೆಳಗಿಳಿದರು.