ಮತ್ತೆ ಸಣ್ಣದೇ?

2006ರಲ್ಲಿ ಸ್ಯಾಂಟ್ರೊ ತಂದು ಮನೆ ಮುಂದೆ ನಿಲ್ಲಿಸಿದಾಗ ನಮ್ಮ ಬೀದಿಯವರ ಪ್ರಶ್ನೆ 'ಕಾರು ಯಾಕೆ ಬೇಕಿತ್ತು?' ಎಂಬುದಾಗಿತ್ತು. ಬಾಯಿಬಿಟ್ಟು ಹಾಗೆ ಯಾರೂ ಕೇಳಲಿಲ್ಲ ಅನ್ನಿ. ಒಬ್ಬರು 'ಲೋನಾ?' ಅಂದರು. ಇನ್ನೊಬ್ಬರು 'ಪೆಟ್ರೋಲ್ ರೇಟು ನೋಡಿದ್ದೀರಾ?' ಅಂದರು. ಮತ್ತೊಬ್ಬರು 'ಆಫೀಸು ಇಲ್ಲೇ ಅಲ್ವಾ ನಿಮ್ದು?' ಅಂದರು. ಮೂರರ ಅರ್ಥವೂ ಒಂದೇ. ಇಷ್ಟು ವರ್ಷದ ಮೇಲೆ ಅದೇ ಸ್ಯಾಂಟ್ರೊ ಕೊಟ್ಟು ಇನ್ನೊಂದು ಸಣ್ಣ ಕಾರು ತಂದಿದ್ದೇನೆ. ಈಗಲೂ ಕೇಳುತ್ತಾರೆ, ಪ್ರಶ್ನೆ ಮಾತ್ರ ಬೇರೆ: 'ಮತ್ತೆ ಸಣ್ಣದೇ?' ಆಗ ಕಾರು ಕೊಂಡದ್ದಕ್ಕೆ ಸಮಜಾಯಿಷಿ ಹೇಳಬೇಕಿತ್ತು, ಈಗ ದೊಡ್ಡದು ಕೊಳ್ಳದೆ ಹೋದದ್ದಕ್ಕೆ ಹೇಳಬೇಕು.

ತಪ್ಪು ಅವರದಲ್ಲ. ದೇಶದಲ್ಲಿ ಈಗ ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚು ಎಸ್‌ಯುವಿಗಳು. ಅವುಗಳಲ್ಲಿ ಎಷ್ಟೋ ನಾಲ್ಕು ಮೀಟರ್ ಉದ್ದ ದಾಟುವುದಿಲ್ಲ. ತೆರಿಗೆ ಕಟ್ಟುವಾಗ ವಿನಯದಿಂದ ಸಣ್ಣ ಕಾರಿನ ಸಾಲಿನಲ್ಲೇ ನಿಲ್ಲುತ್ತವೆ. ಸಣ್ಣ ಕಾರನ್ನೇ ನೆಲದಿಂದ ನಾಲ್ಕು ಬೆರಳು ಎತ್ತರಿಸಿ, ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್ ಹಚ್ಚಿ, ಮೂತಿಯನ್ನು ನೆಟ್ಟಗೆ ನಿಲ್ಲಿಸಿದರೆ ಬೀದಿಯ ಗೌರವ ತಾನಾಗಿ ಬರುತ್ತದೆ. ನನ್ನ ಭಾವಮೈದುನ ಅಂಥದೊಂದು ತಂದಿದ್ದಾನೆ. ಹಿಂದಿನ ಸೀಟಿನಲ್ಲಿ ಕೂತರೆ ನನ್ನ ಮಂಡಿ, ನಮ್ಮ ಸ್ಯಾಂಟ್ರೊದಲ್ಲಿ ಎಲ್ಲಿಗೆ ತಗುಲುತ್ತಿತ್ತೋ ಅಲ್ಲಿಗೇ ತಗುಲುತ್ತದೆ. ಇದನ್ನು ಅವನಿಗೆ ಹೇಳುವ ಹಾಗಿಲ್ಲ. ಕಂತು ಇನ್ನೂ ಬಹಳ ಬಾಕಿ ಇದೆ.

ತಮಾಷೆಯೆಂದರೆ, ಎತ್ತರದ ಮಾತು ಬಂದರೆ ಸ್ಯಾಂಟ್ರೊ ಇವರೆಲ್ಲರಿಗೂ ಹಿರಿಯ. 1998ರಲ್ಲಿ ಹ್ಯುಂಡೈ ಕಂಪನಿ ಚೆನ್ನೈ ಪಕ್ಕದ ಶ್ರೀಪೆರಂಬುದೂರಿನಿಂದ ಅದನ್ನು ಹೊರತಂದಾಗ ಅದರ ಎತ್ತರ ನೋಡಿ ನಕ್ಕವರೇ ಹೆಚ್ಚು. ಶಾರುಖ್ ಖಾನ್ ಟೀವಿಯಲ್ಲಿ ಬಂದು ಸಮಾಧಾನ ಹೇಳಬೇಕಾಯಿತು. ನಮ್ಮ ಮನೆಗೆ ಅದು ಬಂದದ್ದು ಶಾರುಖ್ ಹೇಳಿದನೆಂದಲ್ಲ, ನಮ್ಮಮ್ಮನ ಮಂಡಿಯ ದೆಸೆಯಿಂದ. ಮಾರುತಿ 800ರಲ್ಲಿ ಅಮ್ಮ ಕೂರಬೇಕಾದರೆ ಮೊದಲು ತಲೆ ಒಳಗೆ ಹೋಗಬೇಕು, ಆಮೇಲೆ ಸೊಂಟ, ಕೊನೆಗೆ ಒಂದೊಂದೇ ಕಾಲನ್ನು ಕೈಯಲ್ಲಿ ಹಿಡಿದು ಎತ್ತಿಡಬೇಕು. ಸ್ಯಾಂಟ್ರೊದಲ್ಲಿ ಸೀಟಿನ ಅಂಚಿಗೆ ಕೂತು ಪಕ್ಕಕ್ಕೆ ತಿರುಗಿದರಾಯಿತು. ಶೋರೂಮಿನಲ್ಲಿ ಒಂದೆರಡು ಸಲ ಹತ್ತಿ ಇಳಿದು, 'ಇದು ಪರವಾಗಿಲ್ಲ ಕಣೋ' ಅಂದಳು. ನಮ್ಮ ಟೆಸ್ಟ್ ಡ್ರೈವ್ ಅಲ್ಲಿಗೆ ಮುಗಿಯಿತು. ಎಂಜಿನ್ನು 1086 ಸಿ.ಸಿ. ಎಂದು ಮಾರುವ ಹುಡುಗ ಹೇಳುತ್ತಲೇ ಇದ್ದ, ಯಾರೂ ಕೇಳಿಸಿಕೊಳ್ಳಲಿಲ್ಲ.

ಆ ಎಂಜಿನ್ನು ಕೈಕೊಟ್ಟಿದ್ದಕ್ಕೆ ಕಾರು ಕೊಟ್ಟದ್ದಲ್ಲ. ಚಾಮುಂಡಿ ಬೆಟ್ಟಕ್ಕೆ ಎ.ಸಿ. ಆಫ್ ಮಾಡಿ ಹತ್ತಿಸಬೇಕಿತ್ತು ನಿಜ, ಆದರೆ ಹತ್ತುತ್ತಿತ್ತು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುತ್ತಿದ್ದ ಕಾಲದಲ್ಲಿ ಅದರ ತುದಿಯನ್ನೂ ಕಂಡು ಬಂದಿತ್ತು. ಎಂಜಿನ್ನಿಗಿಂತ ಮೊದಲು ಮುಪ್ಪಾದದ್ದು ಕಾಗದ. ಹದಿನೈದು ವರ್ಷಕ್ಕೆ ಆರ್.ಸಿ. ಅವಧಿ ಮುಗಿದಾಗ ಎಫ್.ಸಿ. ಮಾಡಿಸಿ ಐದು ವರ್ಷ ಮುಂದೂಡಿಸಿದ್ದೆ. 2026ಕ್ಕೆ ಮತ್ತೆ ಹೋಗಬೇಕು. ಅಷ್ಟರಲ್ಲಿ, 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿನ ನವೀಕರಣಕ್ಕೆ ಕೇಂದ್ರ ಸರ್ಕಾರ ಹತ್ತು ಸಾವಿರ ರೂಪಾಯಿ ಶುಲ್ಕ ಗೊತ್ತು ಮಾಡಿತು. ದಿಲ್ಲಿಯಲ್ಲಿ ಹದಿನೈದು ದಾಟಿದ ಪೆಟ್ರೋಲ್ ಕಾರುಗಳ ಪಾಡು ಓದಿದ್ದವನಿಗೆ, ನಮ್ಮ ಕಡೆ ದುಡ್ಡು ಕೊಟ್ಟರಾದರೂ ಓಡಿಸಲು ಬಿಡುತ್ತಾರಲ್ಲ ಎಂದು ಸಮಾಧಾನವಾಯಿತು. ಮೆಕ್ಯಾನಿಕ್ಕು ಅದನ್ನೂ ಉಳಿಸಲಿಲ್ಲ. 'ಎಂಜಿನ್ ಗಟ್ಟಿ ಸಾರ್, ಆದ್ರೆ ಪೆಟ್ರೋಲೇ ಈಗ ಬೇರೆ' ಅಂದ. ಲೀಟರಿಗೆ ಐದರಲ್ಲೊಂದು ಪಾಲು ಎಥೆನಾಲ್ ಬೆರೆತು ಬರುತ್ತಿದೆ. ಅದಕ್ಕೆಂದು ಮಾಡದ ಹಳೇ ಗಾಡಿಗಳ ರಬ್ಬರ್ ಪೈಪು, ವಾಷರ್ರುಗಳ ಮೇಲೆ ಒಂದು ಕಣ್ಣಿಟ್ಟಿರಬೇಕಂತೆ.

ಕೊನೆಯ ಮಾತು ಮಗಳದು. ಬೆಂಗಳೂರಿನಿಂದ ಮಗುವನ್ನು ಕರೆದುಕೊಂಡು ಬಂದವಳು ಸ್ಟೇಷನ್ನಿನಲ್ಲಿ ನಮ್ಮ ಕಾರು ಬಿಟ್ಟು ಆಟೋ ಕಡೆ ನೋಡಿದಳು. 'ಅಪ್ಪ, ಇದರಲ್ಲಿ ಒಂದು ಏರ್‌ಬ್ಯಾಗೂ ಇಲ್ಲ.' 'ಆಟೋದಲ್ಲಿ ಇದೆಯಾ?' ಎಂದೆ. 'ನೀನು ಬೆಳೆದದ್ದೇ ಇದರಲ್ಲಿ' ಎಂದೂ ಸೇರಿಸಿದೆ. 'ಅದು ನನ್ನ ಪುಣ್ಯ' ಅಂದಳು.

ಕೊಳ್ಳುವುದು ಅಂತಾದ ಮೇಲೂ ಕೊಳ್ಳಲಾಗಲಿಲ್ಲ. ಆಗಸ್ಟ್ 15ಕ್ಕೆ ಪ್ರಧಾನಿ ಕೆಂಪುಕೋಟೆಯ ಮೇಲಿಂದ ಜಿ.ಎಸ್.ಟಿ. ಇಳಿಸುವ ಮಾತಾಡಿದ್ದರು. ಸೆಪ್ಟೆಂಬರ್ 3ಕ್ಕೆ ಮಂಡಳಿ ತೀರ್ಮಾನಿಸಿತು: ಸಣ್ಣ ಪೆಟ್ರೋಲ್ ಕಾರಿಗೆ ಸೆಸ್ಸೂ ಸೇರಿ 29 ಇದ್ದದ್ದು ಶೇಕಡಾ 18ಕ್ಕೆ ಇಳಿಯುತ್ತದೆ, ಜಾರಿ 22ರಿಂದ. ನಡುವಿನ ದಿನಗಳಲ್ಲಿ ಶೋರೂಮುಗಳನ್ನು ನೋಡಬೇಕಿತ್ತು. ನಾನು ಬಾಗಿಲು ತಳ್ಳಿದರೆ ಮೂವರು ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. 'ಬೆಲೆ ಇಳಿಯೋ ತನಕ ಇರ್ತೀನಪ್ಪ' ಅಂದರೆ ಮೂವರೂ ಒಟ್ಟಿಗೆ ಕೂರುತ್ತಿದ್ದರು. ಆದರೆ ಇಳಿಕೆಯ ದಿನವನ್ನು ಗೊತ್ತು ಮಾಡಿದವರು ಯಾರೋ ಪಂಚಾಂಗ ಬಲ್ಲವರೇ ಇರಬೇಕು. 21 ಮಹಾಲಯ ಅಮಾವಾಸ್ಯೆ, 22 ನವರಾತ್ರಿಯ ಪಾಡ್ಯ. ಪಿತೃಪಕ್ಷದಲ್ಲಿ ನಮ್ಮ ಜನ ಸ್ಕೂಟರಿನ ಕನ್ನಡಿ ಕೂಡ ಕೊಳ್ಳುವುದಿಲ್ಲ. ತೆರಿಗೆ ಇಳಿಸಿದ್ದರೂ ಇಳಿಸದಿದ್ದರೂ ಅಲ್ಲಿಯವರೆಗೆ ಕಾಯುತ್ತಿದ್ದೆವು. ಮೊದಲ ದಿನವೇ ಮಾರುತಿ ಕಂಪನಿಯೊಂದೇ ಮೂವತ್ತು ಸಾವಿರದ ಹತ್ತಿರ ಕಾರು ಕೈಗಿತ್ತಿತೆಂದು ಪತ್ರಿಕೆಗಳಲ್ಲಿ ಬಂತು. ನಾವು ಅದೇ ನವರಾತ್ರಿಯಲ್ಲಿ ಮುಂಗಡ ಕೊಟ್ಟು ಸರದಿಯಲ್ಲಿ ನಿಂತೆವು. ಆಯುಧಪೂಜೆಗೆ ಸ್ಯಾಂಟ್ರೊಗೇ ಬೂದುಗುಂಬಳ ಒಡೆದೆವು.

ಹಳೇ ಕಾರಿಗೆ ಬೆಲೆ ಕಟ್ಟಲು ಶೋರೂಮಿನವರು ಒಬ್ಬ ಹುಡುಗನನ್ನು ಕಳಿಸಿದ್ದರು. ಇಪ್ಪತ್ನಾಲ್ಕು ಇಪ್ಪತ್ತೈದರವನು, ಬೆನ್ನಿಗೆ ಬ್ಯಾಗು. ಕಾರಿಗಿಂತ ಅವನೇ ಐದಾರು ವರ್ಷ ದೊಡ್ಡವನಿರಬಹುದು. ಅವನು ನನ್ನನ್ನು ಏನೂ ಕೇಳಲಿಲ್ಲ. ಸುತ್ತ ಒಂದು ಸಲ ನಡೆದ, ಬಾಗಿ ಬಾಗಿ ಬೆಳಕು ಬೀಳುವ ಕಡೆಯಿಂದ ಬಾಡಿಯ ಗೆರೆ ನೋಡಿದ. ಆಮೇಲೆ ಬೆರಳ ಗಿಣ್ಣಿನಿಂದ ಒಂದೊಂದೇ ಬಾಗಿಲು ತಟ್ಟಿದ. ಬ್ಯಾಗಿನಿಂದ ಒಂದು ಪುಟ್ಟ ಮೀಟರ್ ತೆಗೆದು ಬಣ್ಣದ ಮೇಲೆ ಒತ್ತಿದ. ಬಣ್ಣ ಎಷ್ಟು ದಪ್ಪ ಇದೆಯೆಂದು ಅದು ಮೈಕ್ರಾನಿನಲ್ಲಿ ಹೇಳುತ್ತದೆ. ಕಂಪನಿಯ ಬಣ್ಣ ನೂರರ ಆಸುಪಾಸು; ಮುನ್ನೂರು ತೋರಿಸಿತೆಂದರೆ ಗ್ಯಾರೇಜಿನವರು ಕೈ ಆಡಿಸಿದ್ದಾರೆ. 'ಎಡಗಡೆ ಹಿಂದಿನ ಡೋರು ಪೇಂಟ್ ಆಗಿದೆ ಸಾರ್' ಅಂದ. ಆಗಿತ್ತು. ಅದು ನಮ್ಮ ಗೇಟಿನ ಕಂಬದ ಕೆಲಸ, ಗೇಟಿನ ಪಕ್ಕ ನಿಂತು 'ಬರ್ಲಿ, ಬರ್ಲಿ' ಎಂದವರು ಯಾರೆಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ವಿಷಯ. ಹುಡುಗ ಬಾಗಿಲ ರಬ್ಬರ್ ಬೀಡಿಂಗನ್ನು ಉಗುರಿನಿಂದ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕೆಗಳನ್ನು ನೋಡಿದ. ಅವು ಸಾಲಾಗಿ ಒಂದೇ ಅಂತರದಲ್ಲಿದ್ದರೆ ಕಾರು ದೊಡ್ಡ ಪೆಟ್ಟು ತಿಂದಿಲ್ಲ ಎಂದು ಲೆಕ್ಕ. ಬಾನೆಟ್ಟಿನ ಬೋಲ್ಟಿನ ಮೇಲೆ ಸ್ಪ್ಯಾನರ್ ಗುರುತು ಇದೆಯೇ ನೋಡಿದ. ಎಂಜಿನ್ ಓಡುತ್ತಿದ್ದ ಹಾಗೆಯೇ ಆಯಿಲ್ ಮುಚ್ಚಳ ತಿರುಗಿಸಿ ತೆಗೆದು ಹೊಗೆ ಬರುತ್ತದೋ ಎಂದು ಮುಖ ಹತ್ತಿರ ಹಿಡಿದ. ಸ್ಟೆಪ್ನಿ ಎತ್ತಿ ಅದರ ಕುಳಿಯಲ್ಲಿ ತುಕ್ಕು ಹುಡುಕಿದ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದಲ್ಲ, ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ ಟೈರಿನ ಜಾತಕ ಓದಿ ಫೋನಿಗೆ ಹಾಕಿಕೊಂಡ.

ಕಿಲೋಮೀಟರ್ ಮೀಟರನ್ನು ಮಾತ್ರ ಅವನು ನೋಡಲೇ ಇಲ್ಲ. ಅದು ನನ್ನ ಹೆಮ್ಮೆಯ ಅಂಕಿ, ನಾನೇ ತೋರಿಸಿದೆ. 'ಮೀಟರ್ ಯಾರು ನಂಬ್ತಾರೆ ಸಾರ್' ಎಂದು ನಕ್ಕು ಕ್ಲಚ್ ಪೆಡಲ್ ಕಡೆ ಬೆರಳು ಮಾಡಿದ. ಅದರ ರಬ್ಬರಿನ ಎಡ ಅಂಚು ಗೆರೆಯೆಲ್ಲ ಸವೆದು ನುಣ್ಣಗಾಗಿತ್ತು. ಬಲ ಅಂಚಿನ ಗೆರೆಗಳು ಇನ್ನೂ ಹಾಗೇ ಇದ್ದವು. ಇಷ್ಟು ವರ್ಷ ನಾನು ಕಾಲನ್ನು ಹೇಗೆ ಇಡುತ್ತಿದ್ದೆ ಎಂಬುದು ನನಗಿಂತ ಚೆನ್ನಾಗಿ ಅವನಿಗೆ ಒಂದು ನಿಮಿಷದಲ್ಲಿ ಗೊತ್ತಾಯಿತು. ಡಾಕ್ಟರು ನಾಲಿಗೆ ಚಾಚು ಎಂದು ನೋಡಿ ತಮ್ಮಷ್ಟಕ್ಕೆ 'ಹೂಂ' ಅಂದ ಹಾಗೆ ಅವನೂ 'ಹೂಂ' ಅಂದ. ಕೊನೆಗೆ ಬಾನೆಟ್ಟಿನ ಮೇಲಿನ ಕುಂಕುಮ ನೋಡಿ, 'ಇದು ಪಾಲಿಶ್‌ಗೆ ಹೋಗಲ್ಲ ಸಾರ್' ಅಂತ ಅದನ್ನೂ ಬರೆದುಕೊಂಡ.

'ಮೂವತ್ತೆರಡು' ಅಂದ. ಸಾವಿರ ಎಂಬುದನ್ನು ನಾವು ಸೇರಿಸಿಕೊಳ್ಳಬೇಕು. ಹೆಂಡತಿ ಕಾಫಿ ತರುತ್ತಿದ್ದವಳು ಬಾಗಿಲಲ್ಲೇ ನಿಂತಳು. 'ನಿನ್ನೆ ಮೊನ್ನೆ ಬ್ಯಾಟರಿ ಹಾಕ್ಸಿದೀವಿ, ಗೊತ್ತಾ?' ಎಂದಳು. 'ಹೋದ ತಿಂಗಳು ಬಂದಿದ್ರೆ ಇನ್ನೈದು ಸಿಕ್ತಿತ್ತು ಆಂಟಿ. ಹೊಸ ಕಾರೇ ಇಳಿದಿರೋವಾಗ ಹಳೇದು ಯಾರು ಕೇಳ್ತಾರೆ?' ಮಾತು ಸರಿಯೇ. ತೆರಿಗೆಯಲ್ಲಿ ಉಳಿಯಿತೆಂದು ನಾವು ಕುಣಿದಾಡಿದ ದುಡ್ಡಿನಲ್ಲಿ ಒಂದು ಚೂರನ್ನು ನಮ್ಮ ಹಳೇ ಕಾರೇ ವಾಪಸು ತಿಂದಿತ್ತು. ಇದರ ಮೇಲೆ ಎಕ್ಸ್‌ಚೇಂಜ್ ಬೋನಸ್ ಎಂಬುದೊಂದಿದೆ. ಅದು ಕಂಪನಿ ಕೊಡುವ ದುಡ್ಡು, ಕಾರಿನ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ಕೂಡಿಸಿ 'ನಿಮ್ಮ ಕಾರಿಗೆ ಇಷ್ಟು ಕೊಡ್ತಾ ಇದೀವಿ' ಎಂದು ಉಬ್ಬಿಸಿ ಹೇಳುವುದು ವ್ಯಾಪಾರದ ರೀತಿ. ಎರಡನ್ನೂ ಬೇರೆ ಬೇರೆ ಬರೆದುಕೊಡಿ ಎಂದರೆ ಅವರ ಮುಖ ಸ್ವಲ್ಪ ಸಣ್ಣಗಾಗುತ್ತದೆ. ಕರ್ನಾಟಕದ ರಸ್ತೆ ತೆರಿಗೆಯ ಮುಂದೆ ಈ ಚೌಕಾಸಿಯೆಲ್ಲ ಮಕ್ಕಳಾಟ. ಐದರಿಂದ ಹತ್ತು ಲಕ್ಷದ ಕಾರಿಗೆ ನೂರಕ್ಕೆ 14, ಅದರ ಮೇಲೆ ಸೆಸ್ಸು. ದಿಲ್ಲಿ ಇಳಿಸಿದ ಖುಷಿಯನ್ನು ಬೆಂಗಳೂರು ಹೆಚ್ಚು ಹೊತ್ತು ಇಟ್ಟುಕೊಳ್ಳಲು ಬಿಡುವುದಿಲ್ಲ.

ಒಂದೇ ಒಂದು ಕಡೆ ಗೆದ್ದೆ. ಹಳೇ ಗಾಡಿಗೆ ಥರ್ಡ್ ಪಾರ್ಟಿ ಸಾಕು ಎಂದು ಊರೆಲ್ಲ ಹೇಳಿದರೂ ಫುಲ್ ಇನ್ಶೂರೆನ್ಸ್ ಮಾಡಿಸುತ್ತ ಬಂದಿದ್ದೆ, ಗೇಟಿನ ಕಂಬಕ್ಕೂ ಕ್ಲೇಮ್ ಕೇಳಿರಲಿಲ್ಲ. ಹಾಗೆ ಕೂಡಿದ ಶೇಕಡಾ 50ರ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕನದು. ವಿಮೆಯವರಿಂದ ಒಂದು ಪತ್ರ ಬರೆಸಿಕೊಂಡರೆ ಹೊಸ ಕಾರಿನ ವಿಮೆಯಲ್ಲಿ, ಸ್ವಂತ ಗಾಡಿಯ ನಷ್ಟಕ್ಕೆಂದು ಕಟ್ಟುವ ಭಾಗದಲ್ಲಿ, ಅರ್ಧ ಮುರಿಯುತ್ತಾರೆ. ಕಾರು ಮೂವತ್ತೆರಡಕ್ಕೆ ಹೋಯಿತು, ನನ್ನ ಸನ್ನಡತೆ ನನ್ನ ಹತ್ತಿರವೇ ಉಳಿಯಿತು.

ಕಾರು ಒಪ್ಪಿಸಿ ಬರುವಾಗ ಕಣ್ಣಲ್ಲಿ ನೀರು ಬಂತೇ ಎಂದು ತಂಗಿ ಫೋನಿನಲ್ಲಿ ಕೇಳಿದಳು. ಬರಲಿಲ್ಲ. ಇಂಥ ಪ್ರಬಂಧ ಬರೆಯುವವರು ಈ ಜಾಗದಲ್ಲಿ ಅಳುವುದು ರೂಢಿ ಎಂದು ಗೊತ್ತು. ನನಗೆ ಆಗ ಇದ್ದ ಚಿಂತೆ ಫಾರಂ 29 ಮತ್ತು 30ರದು. ಕಾರು ಮಾರಿದ್ದೇನೆಂದು ಸಾರಿಗೆ ಇಲಾಖೆಗೆ ತಿಳಿಸುವ, ಹೆಸರು ವರ್ಗಾಯಿಸಲು ಒಪ್ಪುವ ಕಾಗದಗಳು. ನನ್ನ ಸಹಿ ಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು, ಕೊಳ್ಳುವವರ ಹೆಸರಿನ ಜಾಗ ಮಾತ್ರ ಖಾಲಿ. 'ಪಾರ್ಟಿ ಬಂದ್ಮೇಲೆ ತುಂಬ್ತೀವಿ ಸಾರ್.' ತುಂಬುವ ತನಕ ಕಾನೂನಿನ ಲೆಕ್ಕದಲ್ಲಿ ಗಾಡಿ ನನ್ನದೇ. ದಿನಾಂಕ, ಗಂಟೆ, ನಿಮಿಷ ಹಾಕಿಸಿ ಒಂದು ಡೆಲಿವರಿ ನೋಟು ಬರೆಸಿಕೊಂಡೇ ಎದ್ದೆ.

ಹೊಸ ಕಾರು ದೀಪಾವಳಿಗೆ ಮುಂಚೆ ಬಂತು. ಕಂಪನಿ ಯಾವುದೆಂದು ಹೇಳುವುದಿಲ್ಲ, ಜಾಹೀರಾತಿಗೆ ಅವರು ಬೇಕಾದಷ್ಟು ಖರ್ಚು ಮಾಡುತ್ತಾರೆ. ಆರಿಸಿದ್ದು ಹಳೇ ಪರೀಕ್ಷೆಯಲ್ಲೇ: ಸೀಟಿನ ಅಂಚಿಗೆ ಕೂತು ಪಕ್ಕಕ್ಕೆ ತಿರುಗಿ ನೋಡಿದೆ. ಅಮ್ಮ ಈಗಿಲ್ಲ, ಮಂಡಿ ನನ್ನದು. ಆರು ಏರ್‌ಬ್ಯಾಗು ಎಲ್ಲೆಲ್ಲಿ ಅಡಗಿವೆ ಎಂದು ಮಗಳು ಒಂದೊಂದೇ ಮುಟ್ಟಿ ನೋಡಿ ಮಗುವನ್ನು ಹತ್ತಿಸಿದಳು. ಕಾರು ಸಣ್ಣದಾದರೂ ಬಾಯಿ ದೊಡ್ಡದು. ಬೆಲ್ಟು ಹಾಕದಿದ್ದರೆ ಕೂಗುತ್ತದೆ, ಎಂಬತ್ತು ದಾಟಿದರೆ ಎಚ್ಚರಿಸುತ್ತದೆ, ನೂರಿಪ್ಪತ್ತು ದಾಟಿದರೆ ಬಾಯಿ ಮುಚ್ಚುವುದೇ ಇಲ್ಲವಂತೆ. ಇದು 2019ರಿಂದ ಕಾನೂನು. ಹಿಂದೆ ತೆಗೆಯುವಾಗ ಕೂಗುವ ಸೆನ್ಸರ್ರೂ ಅದೇ ಕಾನೂನಿನದು. ಆದರೂ ಹೆಂಡತಿ ಗೇಟಿನ ಪಕ್ಕ ನಿಂತು 'ಬರ್ಲಿ, ಬರ್ಲಿ' ಅನ್ನುವುದನ್ನು ಬಿಟ್ಟಿಲ್ಲ. ಇಬ್ಬರೂ ಒಟ್ಟಿಗೆ ಶುರುಮಾಡಿದರೆ ಯಾರ ಮಾತು ಕೇಳಬೇಕೆಂಬುದರಲ್ಲಿ ನನಗೆ ಗೊಂದಲವಿಲ್ಲ, ಸೆನ್ಸರ್ರು ಆಮೇಲೆ ಹಂಗಿಸುವುದಿಲ್ಲ.

'ಮತ್ತೆ ಸಣ್ಣದೇ?' ಎಂದು ಮೊದಲು ಕೇಳಿದ ಎದುರು ಮನೆಯವರ ಗಾಡಿ ಅವರ ಗೇಟಿನೊಳಗೆ ಹಿಡಿಸುವುದಿಲ್ಲ. ಕುವೆಂಪುನಗರದ ಈ ಅಡ್ಡರಸ್ತೆಯಲ್ಲಿ ಮನೆಗಳು ಕಟ್ಟಿದ್ದು ಸ್ಕೂಟರಿನ ಕಾಲದಲ್ಲಿ. ರಾತ್ರಿ ಅದಕ್ಕೆ ಬೂದು ಹೊದಿಕೆ ಹೊದಿಸಿ ರಸ್ತೆಯಲ್ಲೇ ಮಲಗಿಸುತ್ತಾರೆ. ಹಾಲಿನ ವ್ಯಾನು, ಕಸದ ಗಾಡಿ, ಶಾಲೆಯ ವ್ಯಾನು ಅದನ್ನು ಬಳಸಿ ಹೋಗಬೇಕು. ದೇವರಾಜ ಮಾರ್ಕೆಟ್ಟಿನ ಕಡೆಗೆ ಅವರು ಅದನ್ನು ಒಯ್ಯುವುದೇ ಇಲ್ಲ, ನಿಲ್ಲಿಸಲು ಜಾಗ ಸಿಕ್ಕುವುದಿಲ್ಲವೆಂದು ಆಟೋದಲ್ಲಿ ಹೋಗುತ್ತಾರೆ. ಹೋದ ವಾರ ಹೂವು ಬಾಳೆಕಂಬ ತರುವುದಿತ್ತು. 'ನಿಮ್ಮದರಲ್ಲಿ ಬರ್ಲಾ?' ಎಂದು ಬಂದು ಕೂತರು. ಬಾಳೆಕಂಬ ಹಿಂದಿನ ಸೀಟು ಮಡಚಿದರೂ ಹಿಡಿಸಲಿಲ್ಲ, ಕಿಟಕಿಯಿಂದ ಎಲೆ ಆಚೆ ಬಿಟ್ಟುಕೊಂಡು ಬಂದೆವು. ಸಣ್ಣದರ ಕಷ್ಟ ಇಷ್ಟು ಎಂದು ಅವರಿಗೂ ತೃಪ್ತಿಯಾಯಿತು.

ಇದೆಲ್ಲ ಒಂದು ಹದಕ್ಕೆ ಬಂತು ಎನ್ನುವಾಗ ಫೋನಿಗೆ ಪೊಲೀಸರ ಸಂದೇಶ ಬಂತು. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ನೂರರ ಮಿತಿ ಮೀರಿದ್ದಕ್ಕೆ ಸಾವಿರ ರೂಪಾಯಿ ದಂಡ. ಗಾಡಿ ನಂಬರು ಸ್ಯಾಂಟ್ರೊದು. ಕ್ಯಾಮೆರಾ ಹಿಡಿದ ಚಿತ್ರವೂ ಇತ್ತು: ಅದೇ ಮುಖ, ಚಕ್ರಗಳು ಮಾತ್ರ ಹೊಸವು, ಅಲಾಯ್. ವೇಗ ಗಂಟೆಗೆ 113. ಹೆಂಡತಿ ಕನ್ನಡಕ ಹಾಕಿಕೊಂಡು ಅಂಕಿಯನ್ನು ಎರಡು ಸಲ ಓದಿದಳು.

'ರೀ, ನಿಮ್ಮ ಕೈಲಿ ಎಂಬತ್ತಕ್ಕೇ ನಡುಗ್ತಿತ್ತಲ್ಲ ಇದು?'

ನಾನು ಡೆಲಿವರಿ ನೋಟು ಹುಡುಕಿಕೊಂಡು ಎಕ್ಸ್‌ಚೇಂಜಿನ ಹುಡುಗನಿಗೆ ಫೋನ್ ಹಚ್ಚಿದೆ. ಹೆಸರು ಇನ್ನೂ ಯಾಕೆ ಬದಲಾಗಿಲ್ಲ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. 'ಈ ವಾರ ಆಗೋಗತ್ತೆ ಸಾರ್, ಫೈನು ಪಾರ್ಟಿನೇ ಕಟ್ತಾರೆ. ಸರ್ಕಾರ ಅರ್ಧಕ್ಕೆ ಬಿಡತ್ತಲ್ಲ, ಅಲ್ಲಿವರ್ಗೂ ತಡೀರಿ ಅಂದ್ರು.' ಫೋನು ಇಡುವ ಮುಂಚೆ ದನಿ ತಗ್ಗಿಸಿದ: 'ಸಾರ್, ನೀವು ಅದಕ್ಕೆ ಯಾವ ಎಂಜಿನ್ ಆಯಿಲ್ ಹಾಕಿಸ್ತಿದ್ರಿ? ಪಾರ್ಟಿ ಕೇಳ್ತಾವ್ರೆ.'